ಎದೆಯ ಪೈಪು, ಹುಲಿಗೆವ್ವನ ಕೈ

ನಾನು ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಬಿದ್ದ ದಿನಗಳಲ್ಲಿ ಇಂಥ ಬರಹ ಕೈಗೆ ಸಿಕ್ಕರೆ ನಾನು ಮೊದಲು ಕೊನೆಯ ಪುಟ ತಿರುವಿ, ಬರೆದವನು ಉಳಿದನೋ ಇಲ್ಲವೋ ಎಂದು ನೋಡುತ್ತಿದ್ದೆ. ಉಳಿದಿದ್ದರೆ ಮಾತ್ರ ಓದುತ್ತಿದ್ದೆ. ನಿಮಗೆ ಆ ತ್ರಾಸು ಬೇಡ. ನಾನು ಈಗಲೂ ಮಾನ್ವಿಯಲ್ಲಿ ಲೈನ್‌ಮನ್ ಕೆಲಸದಲ್ಲಿದ್ದೇನೆ. ಕಂಬ ಹತ್ತುವುದನ್ನು ಕಡಿಮೆ ಮಾಡಿ, ಹತ್ತುವ ಹುಡುಗರನ್ನು ಕೆಳಗೆ ನಿಂತು ಬೈಯುವುದನ್ನು ಹೆಚ್ಚು ಮಾಡಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ.

ನನ್ನ ಕಾಯಿಲೆ ಶುರುವಾಗಿದ್ದು ದೇವದುರ್ಗದಲ್ಲಿ ಕೆಲಸ ಮಾಡುತ್ತಿದ್ದಾಗ, ಎಂಬತ್ತರ ದಶಕದ ನಡುವೆ. ಅರಕೇರಾ ರಸ್ತೆಯಲ್ಲಿ ಗಾಳಿಗೆ ಹರಿದು ಬಿದ್ದ ತಂತಿ ಎಳೆದು ಕಟ್ಟಿ, ಬೆವರು ಒರೆಸಿಕೊಳ್ಳುವಾಗ ಕೊರಳ ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆಲ್ಲ ದವಾಖಾನೆಗೆ ಹೋಗುವ ಪದ್ಧತಿ ನಮ್ಮ ಮಂದಿಯಲ್ಲಿಲ್ಲ. ಮೂರು ತಿಂಗಳು ಹಾಗೇ ತಿರುಗಿದೆ. ಮೈ ತುರಿಕೆ ಬಂತು, ಅಂಗಿ ಸಡಿಲವಾಯಿತು, ಕಂಬದ ಅರ್ಧಕ್ಕೇ ಏದುಸಿರು ಹತ್ತತೊಡಗಿತು.

ನಮ್ಮೂರು ಹಿರೇಕೊಟ್ನೆಕಲ್‌ಗೆ ಹೋದಾಗ ಅವ್ವ ನನ್ನ ಕೊರಳಿಗೆ ಬೆರಳು ಹಚ್ಚಿ ನೋಡಿದಳು. ನಮ್ಮದು ಕುರಿ ಸಾಕಿದ ಮನೆ. ಕುರಿಯ ಕೊರಳು ಹಿಡಿದು ನೋಡುವಂತೆಯೇ ಹೆಬ್ಬೆರಳಿನಿಂದ ಒತ್ತಿ, ಪಕ್ಕಕ್ಕೆ ಸರಿಸಿ ನೋಡಿದಳು.

"ಯಾವಾಗಿಂದ ಅದ ಇದು?"

"ಮೂರು ತಿಂಗಳಾತು ಯವ್ವಾ. ನೋವಿಲ್ಲ ಬಿಡು."

"ನೋವಿಲ್ಲೇನು," ಎಂದಳು. ಒಳಗೆ ಹೋಗಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಂಡು ಬಂದಳು. ಕುರಿಗೆ ಕೊರಳಲ್ಲಿ ಇಂಥ ಗಟ್ಟಿ ಗಂಟು ಬಂದರೆ ಅಪ್ಪ ಅದನ್ನು ಮುಂದಿನ ಸಂತೆಗೇ ಹೊಡೆದುಕೊಂಡು ಹೋಗಿ ಮಾರಿಬಿಡುತ್ತಿದ್ದ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಬೆಣ್ಣೆಯ ವಿಚಾರ ಮಾತಾಡಿದೆವು.

ರಾಯಚೂರಿನ ದವಾಖಾನೆಯಲ್ಲಿ ಗಂಟಿನ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕಾಗಿ ಕಾಯ್ದ ದಿನಗಳಷ್ಟು ಉದ್ದದ ದಿನಗಳನ್ನು ನಾನು ಬೇರೆ ಕಂಡಿಲ್ಲ. ಹೆಂಡತಿ ಹುಲಿಗೆವ್ವ ನನ್ನ ಜೊತೆಗಿದ್ದಳು. ತುಂಗಭದ್ರೆಯ ದಂಡೆಯ ಚೀಕಲಪರ್ವಿ ಅವಳ ತವರು. ಶಾಲೆಯ ಮುಖ ಕಂಡವಳಲ್ಲ, ಆದರೆ ಬಾಯಿ ಮಾತ್ರ ವಕೀಲನದು. ಪಡಸಾಲೆಯ ಕಲ್ಲು ಕಟ್ಟೆಯ ಮೇಲೆ ನಮ್ಮ ಪಕ್ಕ ಒಬ್ಬ ಮುದುಕ ಕುಳಿತಿರುತ್ತಿದ್ದ. ದಿನವೂ ತನ್ನ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ ನಮ್ಮ ಕಡೆ ಸರಿಸುತ್ತಿದ್ದ. ನಿನಗೇನು ರೋಗ ಎಂದು ಒಂದು ದಿನವೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಾನು ಇಂದಿಗೂ ಅವನಿಗೆ ಕೈ ಮುಗಿಯುತ್ತೇನೆ.

ನಾಲ್ಕನೇ ದಿನ ಡಾಕ್ಟರು ಒಳಗೆ ಕರೆದು, ಇದು ಗ್ರಂಥಿಗಳ ಕ್ಯಾನ್ಸರ್ ಎಂದರು. ಕುರ್ಚಿ ಇದ್ದರೂ ಕೂರಲು ತೋಚಲಿಲ್ಲ. ಹುಲಿಗೆವ್ವ ನಿಂತಲ್ಲಿಂದಲೇ ಕೇಳಿದಳು: "ವಾಸಿ ಆಗ್ತದೇನ್ರಿ?"

"ಈ ನಮೂನಿದು ವಾಸಿ ಆಗಬಹುದಮ್ಮ. ಆದ್ರ ಹೈದರಾಬಾದಿಗೆ ಹೋಗಬೇಕು."

ಹೊರಗೆ ಬಂದ ಮೇಲೆ ನಾನು, "ಆಗಬಹುದು ಅಂದ್ರು, ಆಗ್ತದ ಅನ್ನಲಿಲ್ಲ," ಎಂದೆ. "ಆಗೂದಿಲ್ಲ ಅಂತ ಅಂದ್ರೇನು? ಅನ್ನಲಿಲ್ಲ. ನಡೀರಿ, ಟಿಕೇಟು ಎಲ್ಲಿ ಕೊಡ್ತಾರ ಕೇಳೂಣು," ಎಂದಳು. ಅವಳ ಜಾಯಮಾನವೇ ಹಾಗೆ. ಸಣ್ಣ ಸಂದು ಸಿಕ್ಕರೆ ಸಾಕು, ಅದರೊಳಗೆ ಕೈ ಹಾಕಿ ಬಾಗಿಲು ತೆಗೆಯುತ್ತಾಳೆ.

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರಮ್ಮ ಆದೋನಿ ಕಡೆಯವರು. ತೆಲುಗು ಬೆರೆತ ಅವರ ಕನ್ನಡ ಕಿವಿಗೆ ಬಿದ್ದಾಗ ನನಗೆ ಅರ್ಧ ರೋಗ ಇಳಿದಂತಾಯಿತು. ಔಷಧಿ ಮಾತ್ರ ಬೆಂಕಿ. ಎರಡು ಸರ್ತಿ ಹಾಕಿಸಿಕೊಳ್ಳುವ ಹೊತ್ತಿಗೆ ಕೈಯ ನರಗಳೆಲ್ಲ ಒಣ ಹಗ್ಗದಂತಾಗಿ ಸೂಜಿ ಒಳಗೇ ಹೋಗದಾಯಿತು. ಹನ್ನೊಂದು ಕೆ.ವಿ. ತಂತಿಗೆ ಹೆದರದ ನಾನು ನರ್ಸಮ್ಮನ ತಟ್ಟೆಯ ಸದ್ದಿಗೆ ಹೆದರತೊಡಗಿದೆ. ಆಗ ಡಾಕ್ಟರಮ್ಮ ಎದೆಗೆ ಪೈಪು ಹಾಕೋಣ ಎಂದರು. ಎದೆಯ ಬಲಗಡೆ ಚರ್ಮದ ಕೆಳಗಿಂದ ತೂರಿಸಿ ಹೃದಯದ ಹತ್ತಿರದ ದೊಡ್ಡ ನರಕ್ಕೆ ಮುಟ್ಟಿಸುವ ಮೆತ್ತನೆಯ ಪೈಪು ಅದು. ಹೊರಗೆ ಒಂದು ಗೇಣು ಉಳಿದಿರುತ್ತದೆ, ತುದಿಗೆ ಮುಚ್ಚಳ. ಔಷಧಿ, ರಕ್ತ, ಎಲ್ಲವೂ ಅದರಲ್ಲೇ. ಆಗ ಅದು ಹೊಸದು. ವಾರ್ಡಿನವರು ನನ್ನನ್ನು ನೋಡಲು ಬರುತ್ತಿದ್ದರು.

ಆ ಪೈಪು ಮನೆಯಲ್ಲೂ ಎದೆಯಲ್ಲೇ ಇರಬೇಕು. ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ದಿನ ಬಿಟ್ಟು ದಿನ ಅದರೊಳಗೆ ಔಷಧಿಯ ನೀರು ಬಿಡಬೇಕು. ಅದನ್ನು ಮಾಡುವವರು ಯಾರು ಎಂದು ಕೇಳಿದಾಗ ಹುಲಿಗೆವ್ವ ಮುಂದೆ ಬಂದಳು. ನರ್ಸಮ್ಮ ಅವಳ ಹೆಬ್ಬೆಟ್ಟಿನ ಸಹಿ ನೋಡಿ ಅನುಮಾನದಿಂದ ಡಾಕ್ಟರಮ್ಮನ ಮುಖ ನೋಡಿದರು. ನಾಲ್ಕೇ ದಿನ. ಸಬೂನು ಹಚ್ಚಿ ಕೈ ತೊಳೆಯುವುದು, ಗಾಜಿನ ಸಿರಿಂಜು, ಸೂಜಿ ಕುದಿಸುವುದು, ಮುಚ್ಚಳವನ್ನು ಸ್ಪಿರಿಟ್‌ನಿಂದ ಉಜ್ಜುವುದು, ಬಾಟಲಿಯ ರಬ್ಬರಿಗೆ ಸೂಜಿ ಚುಚ್ಚಿ ನೀರೆಳೆದು ನಿಧಾನಕ್ಕೆ ಪೈಪಿಗೆ ಬಿಡುವುದು, ಎಲ್ಲ ಕಲಿತಳು. ಗಡಿಯಾರ ಓದಲು ಬರದಿದ್ದರೇನು, ಬೀಸುಕಲ್ಲಿನ ಹಾಡಿನ ಒಂದು ನುಡಿ ಮುಗಿಯುವವರೆಗೆ ಕೈ ತೊಳೆಯುತ್ತಿದ್ದಳು. ಹೊರಡುವ ದಿನ ಡಾಕ್ಟರಮ್ಮ ಬಾಟಲಿ ಕೊಟ್ಟು, "ಇದನ್ನ ತಂಪಲ್ಲಿ ಇಡಮ್ಮಾ. ನಿಮ್ಮ ಕಡೆ ಬಿಸಿಲಿಗೆ ಕೆಟ್ಟುಹೋಗುತ್ತೆ," ಎಂದರು.

ಅಷ್ಟರಲ್ಲಿ ನನಗೆ ಮಾನ್ವಿಗೆ ವರ್ಗ ಮಾಡಿಕೊಟ್ಟಿದ್ದರು. ಊರಿಗೆಲ್ಲ ಕರೆಂಟು ಕೊಡುವವನ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ನಮ್ಮ ಇಂಜಿನಿಯರ್ ಸಾಹೇಬರ ಮನೆಯಲ್ಲಿ ಫ್ರಿಜ್ ಇತ್ತು. ಬಾಟಲಿ ತಂದಿಡು ಎಂದು ಅವರೇ ಹೇಳಿ ಕಳಿಸಿದರು. ಹುಲಿಗೆವ್ವ ಒಪ್ಪಲಿಲ್ಲ.

"ಅವರ ಫ್ರಿಜ್ಜಿನಾಗ ಏನೇನ ಇಟ್ಟಿರ್ತಾರೋ, ಯಾರ್ಯಾರ ಕೈ ಹಾಕ್ತಾರೋ. ನಿಮ್ಮ ಜೀವದ ಔಷಧಿ ಅದು. ನನ್ನ ಕಣ್ಣ ಮುಂದ ಇರಬೇಕು."

ಚೀಕಲಪರ್ವಿಯಿಂದ ಅವಳ ತಮ್ಮ ಒಂದು ಚೀಲ ಹೊಳೆಯ ಉಸುಕು ತಂದು ಹಾಕಿದ. ಅದನ್ನು ಜರಡಿ ಹಿಡಿದು, ಮೂರು ಸಲ ತೊಳೆದು, ಕುಡಿಯುವ ನೀರಿನ ಹರವಿಯ ಕೆಳಗೆ ಹರವಿದಳು. ಮಣ್ಣಿನ ಹರವಿಯಿಂದ ಜಿನುಗುವ ನೀರಿಗೆ ಆ ಉಸುಕು ಹಗಲೂ ರಾತ್ರಿ ಹಸಿಯಾಗಿಯೇ ಇರುತ್ತಿತ್ತು. ಬಾಟಲಿಯನ್ನು ಅದರಲ್ಲಿ ಮುಚ್ಚಳದವರೆಗೂ ಹೂತಳು. ಅವರ ತವರಿನಲ್ಲಿ ವೀಳ್ಯದೆಲೆ, ನಿಂಬೆಹಣ್ಣು ಎಲ್ಲ ಬೇಸಿಗೆ ದಾಟುವುದು ಹಾಗೆಯೇ. ಹೊರಗೆ ಬಂಡೆ ಕಾದು ಸಿಡಿಯುವ ಬಿಸಿಲು, ಒಳಗೆ ಬಾಟಲಿ ತಣ್ಣಗೆ. ಡ್ರೆಸ್ಸಿಂಗ್ ನೋಡಲು ಬಂದ ಕಂಪೌಂಡರ್ ಬಾಟಲಿ ಮುಟ್ಟಿ, "ಭಾರಿ ಮಾಡೀರಿ ಬಿಡ್ರಿ! ಫ್ರಿಜ್ಜಿಗಿಂತ ಅಚ್ಛಾ ಅದ," ಎಂದ. ಓಣಿಯ ಹೆಂಗಸರು ಬಂದು ನೋಡಿ ಹೋದರು. ನಾನು ಆಫೀಸಿನಲ್ಲಿ ಹೆಂಡತಿಯ ತಲೆಯನ್ನು ಹೊಗಳಿದ್ದೇ ಹೊಗಳಿದ್ದು.

ಎಂಟು ಹತ್ತು ದಿನ ಎಲ್ಲ ಸರಿಯಿತ್ತು. ಆಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತವನಿಗೆ ಚಳಿ ಶುರುವಾಯಿತು. ಎಂಥ ಚಳಿ ಅಂತೀರಿ! ಹಲ್ಲು ಕಟಕಟ ಬಡಿದು ನಾಲಿಗೆ ಕಚ್ಚಿಕೊಂಡೆ. ಮೇ ತಿಂಗಳ ಮಾನ್ವಿಯಲ್ಲಿ ಮೈಮೇಲೆ ಮೂರು ಕಂಬಳಿ. ಅವ್ವ ಹಳ್ಳಿಯಿಂದ ಬಂದಿದ್ದವಳು ನಾಲ್ಕನೆಯದನ್ನೂ ಹಾಕಿ ಅದರ ಮೇಲೆ ತಾನೇ ಒರಗಿದಳು. ಒಂದು ಗಂಟೆಗೆ ಚಳಿ ಬಿಟ್ಟು ಜ್ವರ ಏರಿತು, ಸಂಜೆಗೆ ಬೆವರಿಳಿದು ಹೋಯಿತು. ಮಲೇರಿಯಾ ಎಂದು ಗುಳಿಗೆ ಕೊಟ್ಟರು. ಕೊಟ್ಟವರನ್ನು ದೂರುವುದಿಲ್ಲ. ಆಗ ನಮ್ಮ ಕಡೆ ಮಲೇರಿಯಾ ಬರದ ಮನೆಯೇ ಇರಲಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಚಳಿ ಮತ್ತೆ ಬಂತು, ಮತ್ತೆ ಬಂತು. ಪ್ರತಿ ಸಲವೂ ಮೊದಲಿಗಿಂತ ಜೋರು. ನನಗೆ ಎದ್ದು ಕೂರಲೂ ಶಕ್ತಿ ಉಳಿಯಲಿಲ್ಲ.

ಮಲಗಿದಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತು ಊರಿನ ಕರೆಂಟು ಒಮ್ಮೆಲೇ ಹೋದರೆ ನಾವು ಇಪ್ಪತ್ತು ಊರು ಹುಡುಕುವುದಿಲ್ಲ. ಒಂದೊಂದೇ ಕವಲನ್ನು ಬಿಡಿಸಿ ನೋಡುತ್ತೇವೆ. ಯಾವುದನ್ನು ಬಿಡಿಸಿದಾಗ ಉಳಿದ ಊರಿಗೆ ಕರೆಂಟು ಬರುತ್ತದೋ, ದೋಷ ಅಲ್ಲಿ. ಹಾಗೆ ನೋಡಿದರೆ ಚಳಿ ಬಂದದ್ದೆಲ್ಲ ಪೈಪಿಗೆ ನೀರು ಬಿಟ್ಟ ದಿನವೇ, ಅದೂ ಬಿಟ್ಟ ಅರ್ಧ ಗಂಟೆಗೆ. ಮರುದಿನ ಬರುತ್ತಿರಲಿಲ್ಲ. ಒಂದು ಸರ್ತಿ ಬೇಕೆಂದೇ ನೀರು ಬಿಡಿಸಿಕೊಳ್ಳಲಿಲ್ಲ. ಚಳಿ ಬರಲಿಲ್ಲ. ಮುಂದಿನ ಸರ್ತಿ ಬಿಡಿಸಿಕೊಂಡೆ. ಕಂಬಳಿ ಹೊದಿಸುವಷ್ಟರಲ್ಲಿ ಮಂಚ ಅಲುಗಾಡುತ್ತಿತ್ತು.

"ಹುಲಿಗೀ, ದೋಷ ಪೈಪಿನಾಗ ಅದ," ಎಂದೆ.

ಅವಳ ಮುಖ ಇಳಿಯಿತು. "ಪೈಪಿನಾಗೋ, ನನ್ನ ಕೈಯಾಗೋ? ಬಾಯಿ ಬಿಟ್ಟು ಹೇಳ್ರಿ. ನಾ ಕೈ ತೊಳೀಲಿಲ್ಲೇನು? ಕುದಿಸಲಿಲ್ಲೇನು?"

"ನಿನ್ನ ಕೈ ಅಂತ ನಾ ಅಂದ್ನೇನಬೇ?"

"ಅನ್ನಲಿಲ್ಲ. ಹಂಗ ನೋಡಿದ್ರಿ."

ನೋಡಿದ್ದೆನೇನೋ. ಸಾಯುವ ಭಯದಲ್ಲಿ ಮನುಷ್ಯ ಯಾರನ್ನಾದರೂ ಹಾಗೆ ನೋಡಿಬಿಡುತ್ತಾನೆ. ಆ ದಿನ ಅವಳು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆಫೀಸಿನ ಜೀಪಿನಲ್ಲಿ ರಾಯಚೂರು ಸ್ಟೇಷನ್ನಿಗೆ ಹೋಗಿ ಹೈದರಾಬಾದಿನ ಗಾಡಿ ಹಿಡಿದೆವು. ನಾನು ಸೀಟಿನ ಮೇಲೆ ಮುದುಡಿ ಮಲಗಿದ್ದೆ. ಅವಳ ತೊಡೆಯ ಮೇಲೆ ಒಂದು ಅಲ್ಯುಮಿನಿಯಂ ಹಾಲಿನ ಕ್ಯಾನು, ಅದರೊಳಗೆ ಹಸಿ ಉಸುಕು, ಉಸುಕಿನೊಳಗೆ ಔಷಧಿಯ ಬಾಟಲಿ. ಪ್ರತಿ ಸ್ಟೇಷನ್ನಿನಲ್ಲೂ ನಲ್ಲಿಯ ನೀರು ತಂದು ಉಸುಕಿಗೆ ಚಿಮುಕಿಸುತ್ತಿದ್ದಳು. ಎದುರಿನವರು ಅದರೊಳಗೇನು ಎಂದು ಕೇಳಿದರೆ, "ನಮ್ಮ ಮನಿಯವರ ಜೀವ ಅದ್ರಿ," ಎನ್ನುತ್ತಿದ್ದಳು.

ಡಾಕ್ಟರಮ್ಮ ನನ್ನನ್ನು ನೋಡಿದ ಕೂಡಲೇ ಪರೀಕ್ಷೆಗೆಂದು ಕೈಯಿಂದ ಒಂದಿಷ್ಟು, ಪೈಪಿನಿಂದ ಒಂದಿಷ್ಟು ರಕ್ತ ತೆಗೆಸಿದರು. ಮರುದಿನದ ಹೊತ್ತಿಗೆ ಎರಡರಲ್ಲೂ ಒಂದೇ ಜಾತಿಯ ರೋಗಾಣು ಬೆಳೆಯಿತು, ಪೈಪಿನದರಲ್ಲಿ ಮಿತಿಮೀರಿ. ನೀರಿನಲ್ಲಿ, ತೇವದಲ್ಲಿ ಬದುಕುವ ಜಾತಿ ಅದು ಎಂದರು. ಔಷಧಿಯಿಂದ ಮೊದಲೇ ರಕ್ತ ಸೋತಿದ್ದ ನನ್ನಂಥವನಿಗೆ ಅದು ಎರಡು ದಿನದ ಮಾತು ಎಂಬುದನ್ನು ನನಗೆ ಹೇಳಲಿಲ್ಲ, ಆಮೇಲೆ ತಿಳಿಯಿತು. ಹುಲಿಗೆವ್ವನನ್ನು ಕರೆದು, "ಮನೇಲಿ ಹೇಗೆ ಮಾಡ್ತಿದ್ದೆ, ಎಲ್ಲ ಮಾಡಿ ತೋರಿಸಮ್ಮಾ. ಪೈಪಿಗೆ ಮಾತ್ರ ಬಿಡಬೇಡ," ಎಂದರು.

ಅವಳು ತೋರಿಸಿದಳು. ಒಂದು ನುಡಿ ಹಾಡು ಮುಗಿಯುವವರೆಗೆ ಕೈ ತೊಳೆದಳು. ಕುದಿಸಿದಳು. ಸ್ಪಿರಿಟ್ ಹಚ್ಚಿದಳು. ನರ್ಸಮ್ಮನೇ ತಲೆದೂಗಿದರು. ಅವಳ ಮುಖದಲ್ಲಿ ಮತ್ತೆ ಬೆಳಕು ಬಂತು. ಆಮೇಲೆ ಮಂಚದ ಕೆಳಗಿಂದ ಹಾಲಿನ ಕ್ಯಾನು ಎಳೆದು, ಮುಚ್ಚಳ ತೆಗೆದು, ಆ ತೊಳೆದ ಕೈಯನ್ನೇ ಹಸಿ ಉಸುಕಿನೊಳಗೆ ಹಾಕಿ ಬಾಟಲಿ ಎತ್ತಿದಳು. ಸೆರಗಿನಿಂದ ರಬ್ಬರು ಒರೆಸಿ ಸೂಜಿ ಚುಚ್ಚಿದಳು.

"ತಂಪಲ್ಲಿ ಇಡು ಅಂದಿದ್ರಲ್ರಿ. ಮುಟ್ಟಿ ನೋಡ್ರಿ, ಹ್ಯಾಂಗ ತಣ್ಣಗ ಅದ," ಎಂದು ಡಾಕ್ಟರಮ್ಮನಿಗೆ ಹಿಡಿದಳು.

ಡಾಕ್ಟರಮ್ಮ ಬಾಟಲಿ ತೆಗೆದುಕೊಂಡು ಕ್ಯಾನಿನೊಳಗೆ ಬಗ್ಗಿ ನೋಡಿದರು. ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅವರು ಹುಲಿಗೆವ್ವನ ಪಕ್ಕ ಸ್ಟೂಲಿನ ಮೇಲೆ ಕುಳಿತು ಮೆಲ್ಲಗೆ ಹೇಳಿದರು: ಹಸಿ ಉಸುಕಿನಲ್ಲಿ ಕಣ್ಣಿಗೆ ಕಾಣದ ರೋಗಾಣು ಇರುತ್ತವೆ, ರಬ್ಬರಿನ ಮೇಲೆ ಕೂರುತ್ತವೆ, ಸೂಜಿಯ ಜೊತೆ ಬಾಟಲಿಯೊಳಗೆ ಇಳಿಯುತ್ತವೆ, ಅಲ್ಲಿಂದ ಪೈಪಿಗೆ, ಪೈಪಿನಿಂದ ರಕ್ತಕ್ಕೆ.

"ಅಂದ್ರ ನಾನ ಹಾಕಿದ್ನೇನ್ರಿ? ನನ್ನ ಕೈಲೇ?"

"ನಿನ್ನ ಕೈಯಿಂದಲೇ ಹೋಯ್ತಮ್ಮಾ. ಆದರೆ ತಪ್ಪು ನಂದು. ತಂಪಲ್ಲಿ ಇಡು ಅಂದೆ. ಎಲ್ಲಿಡ್ತೀಯ ಅಂತ ಕೇಳಲಿಲ್ಲ."

ಅಷ್ಟು ಓದಿದ ಹೆಂಗಸು ಅಷ್ಟು ಮಂದಿಯ ಎದುರು ತಪ್ಪು ನಂದು ಎಂದದ್ದು ನನಗೆ ದೊಡ್ಡದೆನಿಸಿತು. ಹುಲಿಗೆವ್ವನಿಗೆ ಅದು ಕೇಳಿಸಲಿಲ್ಲ. ಗೋಡೆಗೆ ಒರಗಿ ಕುಳಿತು ತನ್ನ ಎರಡು ಅಂಗೈಗಳನ್ನೇ ನೋಡುತ್ತಿದ್ದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ.

ಅವತ್ತೇ ಪೈಪು ತೆಗೆದರು. ಎರಡು ದಿನ ನನಗೆ ಪ್ರಜ್ಞೆ ಸರಿಯಾಗಿರಲಿಲ್ಲ. ಜೀವ ಬಾಯಿಗೆ ಬಂದು ಹೋಯಿತು. ಮೂರನೇ ದಿನ ಕಣ್ಣು ಬಿಟ್ಟಾಗ ಜ್ವರ ಇಳಿದಿತ್ತು. ಗಂಜಿ ಕೇಳಿದೆ. ಹುಲಿಗೆವ್ವ ಚಮಚ ಮುಟ್ಟಲಿಲ್ಲ, ನರ್ಸಮ್ಮನನ್ನು ಕರೆದು ಅವರ ಕೈಯಿಂದ ಕುಡಿಸಿದಳು. ನನಗೆ ಜ್ವರಕ್ಕಿಂತ ಅದು ಹೆಚ್ಚು ಸಂಕಟ ಕೊಟ್ಟಿತು.

ಇನ್ನೂ ನಾಲ್ಕು ಸರ್ತಿ ಔಷಧಿ ಬಾಕಿ ಇತ್ತು. ಕೈಯಲ್ಲಿ ನರ ಉಳಿದಿರಲಿಲ್ಲ. ಔಷಧಿ ನಿಲ್ಲಿಸಿದರೆ ಗಂಟು ತಿರುಗಿ ಬರುತ್ತದೆ. ಎಡಗಡೆ ಹೊಸ ಪೈಪು ಹಾಕಬೇಕು, ಬೇರೆ ದಾರಿಯಿಲ್ಲ ಎಂದರು ಡಾಕ್ಟರಮ್ಮ. ಈ ಸಲ ರಾಯಚೂರಿನಲ್ಲೇ ಮನೆ ಮಾಡಿ, ದಿನ ಬಿಟ್ಟು ದಿನ ನರ್ಸ್ ಕೈಲಿ ಮಾಡಿಸಿಕೊಳ್ಳಿ ಎಂದೂ ಹೇಳಿದರು.

"ಹಂಗ ಮಾಡ್ರಿ. ನಾ ಇನ್ನ ಅದನ್ನ ಮುಟ್ಟೂದಿಲ್ಲ," ಎಂದಳು ಹುಲಿಗೆವ್ವ.

ನನಗೆ ಸಿಟ್ಟು ಬಂತು. ಹಾಸಿಗೆಯ ಮೇಲೆ ಎದ್ದು ಕೂತೆ. "ಬ್ಯಾರೆ ಯಾರ ಕೈಯೂ ನನಗ ಬ್ಯಾಡ. ಈಕಿ ಮಾಡಿದ್ರ ಪೈಪು ಹಾಕ್ರಿ, ಇಲ್ಲಾಂದ್ರ ಮನಿಗೆ ಕಳಸ್ರಿ."

"ಹುಚ್ಚ ಹಿಡದದೇನ್ರಿ ನಿಮಗ? ಸಾಯಸ್ತಿದ್ದೆ ನಿಮ್ಮನ್ನ!"

"ಕೇಳಿಲ್ಲಿ. ಕಂಬದ ಮ್ಯಾಲ ಒಂದು ಸಲ ಶಾಕ್ ಹೊಡಿಸಿಕೊಂಡಾವ ಸಾಯೂತನಕ ಎರಡೆರಡು ಸಲ ನೋಡಿ ತಂತಿ ಮುಟ್ತಾನ. ನಾ ಯಾವಾಗಲೂ ಅಂಥಾವನ ಜೋಡೀನ ಕಂಬ ಹತ್ತೀನಿ. ಒಮ್ಮಿನೂ ಹೊಡಿಸಿಕೊಳ್ಳದಾವನ್ನ ನಂಬಿ ಹತ್ತಿಲ್ಲ."

ವಾರ್ಡಿನ ಮಂದಿಯೆಲ್ಲ ನಮ್ಮ ಕಡೆ ತಿರುಗಿ ಕೂತಿದ್ದರು. ಹುಲಿಗೆವ್ವ ಸೆರಗು ಬಾಯಿಗೆ ಒತ್ತಿ ಆಗ ಅತ್ತಳು. ಸಾಕಾಗುವಷ್ಟು ಅತ್ತು, ಮುಖ ತೊಳೆದು ಬಂದು ಡಾಕ್ಟರಮ್ಮನ ಎದುರು ನಿಂತಳು. "ಹೋದ ಸಲ ಏನ ಮಾಡಬೇಕಂತ ಹೇಳಿದ್ರಿ. ಈ ಸಲ ಯಾಕ ಮಾಡಬೇಕಂತ ಹೇಳ್ರಿ. ಒಂದೊಂದೂ ಹೇಳ್ರಿ."

ಒಂದು ವಾರ ಆ ಡಾಕ್ಟರಮ್ಮನಿಗೆ ಅವಳು ಉಸಿರು ಬಿಡಗೊಡಲಿಲ್ಲ. ಸಬೂನು ಯಾಕೆ, ಕುದಿಸಿದ್ದು ಎಷ್ಟು ಹೊತ್ತು ಶುದ್ಧ, ಒಣಗಿದ್ದರಲ್ಲಿ ರೋಗಾಣು ಬದುಕುತ್ತವೆಯೇ, ಸೆರಗಿನಲ್ಲಿರುತ್ತವೆಯೇ, ಗಾಳಿಯಲ್ಲಿರುತ್ತವೆಯೇ. ಡಾಕ್ಟರಮ್ಮ ದೊಡ್ಡ ಬಾಟಲಿಯ ಬದಲು ಒಂದೊಂದು ಸರ್ತಿಗೆ ಒಂದೊಂದರಂತೆ ಗಾಜಿನ ಸಣ್ಣ ಸೀಸೆಗಳನ್ನು ಕೊಟ್ಟರು. ಇವನ್ನು ತಂಪಲ್ಲಿಡುವ ಗೋಜಿಲ್ಲ. ಒಡೆದದ್ದನ್ನು ಆಗಲೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಸಾರಿನ ತಳ ಕೂಡ ಚೆಲ್ಲದ ಹೆಂಗಸಿಗೆ ಅದೊಂದೇ ಕಷ್ಟವಾದದ್ದು.

ಮಾನ್ವಿಗೆ ಬಂದ ಮೂರನೇ ದಿನ ಮೊದಲ ಸಲ ಹೊಸ ಪೈಪಿಗೆ ನೀರು ಬಿಟ್ಟಳು. ಬಿಟ್ಟಾದ ಮೇಲೆ ನನ್ನ ಎದುರು ನೆಲಕ್ಕೆ ಕೂತಳು. ಅವ್ವ ಹೊಸ್ತಿಲ ಮೇಲೆ. ಅರ್ಧ ಗಂಟೆಯಾಯಿತು. "ಚಳಿ?" ಎಂದಳು. ಇಲ್ಲ ಎಂದೆ. ಒಂದು ಗಂಟೆಯಾಯಿತು. "ಖರೇ ಹೇಳ್ರಿ, ನನಗ ಬ್ಯಾಸರ ಆಗ್ತದಂತ ಮುಚ್ಚಿಡಬ್ಯಾಡ್ರಿ." ನಾನು ಕೈ ಚಾಚಿದೆ, ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಮನುಷ್ಯರ ಕೈ ಇರಬೇಕಾದಷ್ಟು. ಅವ್ವ ಎದ್ದು, "ಹಸಿವಿ ಆಗ್ಯದ ನನಗ, ರೊಟ್ಟಿ ಬಡೀರಿ ಯಾರರ," ಎಂದಳು.

ಐದು ತಿಂಗಳು ಆ ಪೈಪು ನನ್ನ ಎದೆಯಲ್ಲಿತ್ತು. ಒಂದು ದಿನವೂ ಚಳಿ ಬರಲಿಲ್ಲ. ಗಂಟು ಕರಗಿತು. ಪೈಪು ತೆಗೆದ ದಿನ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮ ವಾರ್ಡಿನಲ್ಲೂ ಇಷ್ಟು ಚೊಕ್ಕ ಇಡೋಕಾಗಲ್ಲಮ್ಮಾ ಎಂದರು. ನನ್ನ ಎದೆ ಉಬ್ಬಿತು. ಎಂಟು ಕಂಬ ಒಂದೇ ದಿನ ನಿಲ್ಲಿಸಿದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರಮ್ಮ ಹುಲಿಗೆವ್ವನನ್ನು ವಾರ್ಡಿಗೆ ಕರೆದೊಯ್ಯುವುದು ರೂಢಿಯಾಯಿತು. ಹೋದ ಸಲ ಗುಲಬರ್ಗಾ ಕಡೆಯ ಒಬ್ಬ ಹುಡುಗಿ ಇದ್ದಳು. ಗಂಡನ ಎದೆಗೆ ಹೊಸದಾಗಿ ಪೈಪು ಹಾಕಿದ್ದರು. ಅವಳು ಅದನ್ನು ಮುಟ್ಟಲು ಹೆದರಿ ಮೂಲೆ ಹಿಡಿದು ಅಳುತ್ತಿದ್ದಳು. ನನ್ನಿಂದ ತಪ್ಪಾದರೆ, ನನ್ನಿಂದ ತಪ್ಪಾದರೆ ಎಂದು ಅದೊಂದೇ ಮಾತು. ನಾನಾಗಿದ್ದರೆ, ನಿನ್ನಿಂದ ತಪ್ಪಾಗುವುದಿಲ್ಲ ಎಂದು ಸಮಾಧಾನ ಹೇಳುತ್ತಿದ್ದೆ. ಹುಲಿಗೆವ್ವ ಹಾಗೆ ಹೇಳಲಿಲ್ಲ. ವಾರ್ಡಿನ ಅಷ್ಟೂ ಮಂದಿಗೆ ಕೇಳುವ ಹಾಗೆ, ತಲೆ ತಗ್ಗಿಸದೆ ಹೇಳಿದಳು.

"ತಪ್ಪು ನಾ ಮಾಡೀನವ್ವಾ. ಶಾಣ್ಯಾಕಿ ಅಂತ ತಿಳಕೊಂಡು ಈ ಕೈಲೇ ನನ್ನ ಗಂಡನ ರಕ್ತಕ್ಕ ಹೊಲಸು ಬಿಟ್ಟೀನಿ. ಅಗಾ, ಬಾಗಲದಾಗ ನಿಂತಾರಲ್ಲ, ಅವರೇ. ನೋಡು, ಹ್ಯಾಂಗ ನಿಂತಾರ. ಏಳು, ಮೊದಲ ಕೈ ತೊಳಿ."